ಸುರಪುರದ ಪಡಸಾಲೆಯಲ್ಲಿ ಎರಡು ಬುಟ್ಟಿ ರೊಟ್ಟಿ

ದಿನಾಂಕ ೨೩ ಫೆಬ್ರುವರಿ ೨೦೨೪, ಶುಕ್ರವಾರ. ಆಧಾರ: ಯಾದಗಿರಿಯಿಂದ ಶಹಾಪುರದ ಮೇಲೆ ಸುರಪುರಕ್ಕೆ ಹೋದ ಬಸ್ಸಿನ ಟಿಕೆಟು, ಹೆಂಗಸರಿಗೆ ಕೊಡುವ, ದರದ ಜಾಗದಲ್ಲಿ ಸೊನ್ನೆ ಅಚ್ಚಾದ ಟಿಕೆಟು. ಆ ಕಾಗದದ ಮೇಲಿನ ಅಕ್ಷರಗಳಿಗೆ ಬಾದಾಮಿ ಚಾಲುಕ್ಯರ ಕಲ್ಲಿನ ಆಯುಷ್ಯವಿಲ್ಲವೆಂದು ಬಲ್ಲವಳಾದ್ದರಿಂದ ಮರುದಿನವೇ ನೆರಳಚ್ಚು ತೆಗೆಸಿಟ್ಟಿದ್ದೇನೆ. ಇನ್ನೆರಡು ಆಧಾರಗಳನ್ನೂ ತಾಳೆ ನೋಡಿದೆ. ನನ್ನ ತಮ್ಮನ ಹೆಂಡತಿ ‘ಭಾರತ ಹುಣ್ಣಿಮಿ ಹಿಂದಿನ ದಿನ’ ಎನ್ನುತ್ತಾಳೆ. ಪಂಚಾಂಗದಲ್ಲಿ ಹುಣ್ಣಿಮೆ ಶನಿವಾರಕ್ಕೆ ಬಿದ್ದಿರುವುದರಿಂದ ಆಕೆಯ ಹೇಳಿಕೆ ಸ್ವೀಕಾರಾರ್ಹ. ನನ್ನ ತಾಯಿ ‘ಶಿವರಾತ್ರಿ ದಿನ’ ಎನ್ನುತ್ತಾಳೆ. ಆಕೆಯ ಹೇಳಿಕೆಯನ್ನು ತಿರಸ್ಕರಿಸಲಾಗಿದೆ, ಆದರೆ ಎದುರಿಗಲ್ಲ.

ನಾನು ಶಾಸನಗಳ ಸಂಶೋಧಕಿ, ಈಗ ನಿವೃತ್ತೆ. ಈ ಎರಡನೆಯ ಪದ ಕೇಳಿದವರು ನನಗೆ ಪಿಂಚಣಿ ಬರುತ್ತದೆಂದು ಭಾವಿಸುತ್ತಾರೆ. ನಾನು ಜೀವನವಿಡೀ ದುಡಿದದ್ದು ಯೋಜನೆಯಿಂದ ಯೋಜನೆಗೆ. ಯೋಜನೆ ಮುಗಿದ ದಿನ ಸಂಬಳವೂ ಮುಗಿಯುತ್ತಿತ್ತು. ಶಿರವಾಳದ ಗುಡಿಗಳ ನಡುವೆ ಬಿಸಿಲಲ್ಲಿ ಕೂತು, ಯಾವ ದಂಡನಾಯಕ ಯಾವ ದೇವರಿಗೆ ಯಾವ ತೋಟ ಬಿಟ್ಟನೆಂದು ಅಕ್ಷರ ಅಕ್ಷರ ಬಿಡಿಸಿ ಓದಿದವಳು ಕೊನೆಗೆ ಪುಸ್ತಕದ ಟ್ರಂಕುಗಳೊಡನೆ ಯಾದಗಿರಿ ಸ್ಟೇಶನ್ನಿನ ಹಿಂದೆ ಇರುವ ತಮ್ಮನ ಮನೆಗೆ ಬಂದು ಸೇರಿದೆ. ತಮ್ಮನ ಹೆಂಡತಿ ನನ್ನನ್ನು ‘ಅಕ್ಕ’ ಎನ್ನುತ್ತಾಳೆ. ನಾನು ಆಕೆಯನ್ನು ‘ತಂಗಿ’ ಎಂದು ಕರೆಯುತ್ತೇನೆ. ಈ ಬರಹದಲ್ಲಿಯೂ ಆಕೆ ತಂಗಿಯೇ.

ಆ ಮನೆಯಲ್ಲಿ ಎರಡು ಮಂಚ, ಎರಡೂ ಸದಾ ತುಂಬಿರುತ್ತವೆ. ಒಂದರ ಮೇಲೆ ತಮ್ಮ. ಶಹಾಪುರದ ಹತ್ತಿ ಜಿನ್ನಿನಲ್ಲಿ ಗುಮಾಸ್ತನಾಗಿದ್ದವನಿಗೆ ಲಕ್ವ ಹೊಡೆದು ಬಲಭಾಗ ಬಿದ್ದಿದೆ. ಮಾತು ಉಳಿದಿದೆ, ಅದರಲ್ಲಿಯೂ ತಕರಾರಿನ ಭಾಗ ಸಂಪೂರ್ಣವಾಗಿ ಉಳಿದಿದೆ. ಇನ್ನೊಂದರ ಮೇಲೆ ಸೊಂಟ ಮುರಿದ ನನ್ನ ತಾಯಿ. ಇಬ್ಬರನ್ನೂ ಮಗ್ಗುಲು ಹೊರಳಿಸುವುದು, ತೊಳೆಯುವುದು, ಉಣಿಸುವುದು ತಂಗಿಯ ಕೆಲಸ. ಬೆಡ್‌ಪ್ಯಾನ್ ಹಿಡಿಯುವುದನ್ನು ನಾನು ನಿವೃತ್ತಿಯ ನಂತರ ಅಭ್ಯಾಸ ಮಾಡಿದೆ. ಮಾರ್ಗದರ್ಶಕಿ ತಂಗಿ, ಮೌಖಿಕ ಪರೀಕ್ಷಕಿ ನನ್ನ ತಾಯಿ.

ಸಂಬಂಧಿಕರು ಆಗಾಗ ಬರುತ್ತಿದ್ದರು. ಬಿಸ್ಕತ್ತಿನ ಪುಡಿಕೆಯೊಂದನ್ನು ಮಂಚದ ತುದಿಗಿಟ್ಟು, ಮೂಗಿಗೆ ಸೆರಗು ಹಿಡಿಯಬೇಕೋ ಬೇಡವೋ ಎಂದು ಅನುಮಾನಿಸುತ್ತ ಕೂತು, ತಂಗಿಯನ್ನು ಸಾಕ್ಷಾತ್ ದೇವತೆ ಎಂದು ಹೊಗಳಿ, ದೇವತೆ ಮಾಡಿಕೊಟ್ಟ ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಹೊಗಳಿಕೆಯ ಶಾಸನಗಳನ್ನು ಜೀವನವಿಡೀ ಓದಿದವಳಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಒಬ್ಬಳನ್ನು ದೇವತೆಯೆಂದು ಘೋಷಿಸಿಬಿಟ್ಟರೆ ಅವಳ ಬದಲಿಗೆ ಒಂದು ಮಧ್ಯಾಹ್ನ ಕೂತುಕೊಳ್ಳುವ ಅಗತ್ಯ ಬೀಳುವುದಿಲ್ಲ. ನಿಜವಾಗಿ ಕೂರುತ್ತಿದ್ದವಳು ಪಕ್ಕದ ಮನೆಯ ಹೆಂಗಸು, ಓಣಿಯೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವವಳು ಒಬ್ಬಳೇ. ಅವಳು ತಂಗಿಯನ್ನು ಎಂದೂ ಹೊಗಳಿದವಳಲ್ಲ, ಬಂದಾಗಲೆಲ್ಲ ಬೈಯುತ್ತಿದ್ದಳು.

ಮನೆ ನಡೆಯುತ್ತಿದ್ದದ್ದು ತಂಗಿಯ ಇನ್ನೊಂದು ಕೆಲಸದಿಂದ. ಪೇಟೆಯ ಕಡೆಗೊಂದು ರೊಟ್ಟಿ ಕೇಂದ್ರವಿದೆ. ಸಾಲು ಒಲೆ, ಸಾಲು ಹೆಂಗಸರು, ಮದುವೆ ಮುಂಜಿಗಳಿಗೆ ಜೋಳದ ರೊಟ್ಟಿ, ಸಜ್ಜೆಯ ರೊಟ್ಟಿ. ಬೆಳಗಿನ ಹೊತ್ತು ತಂಗಿ ಅಲ್ಲಿ ಕೂಲಿಗೆ ರೊಟ್ಟಿ ಬಡಿಯುತ್ತಿದ್ದಳು. ನಮ್ಮ ಬಳಗದ ನೀತಿಶಾಸ್ತ್ರ ಈ ವಿಷಯದಲ್ಲಿ ಬಹಳ ಸ್ಪಷ್ಟವಾಗಿದೆ. ಮನೆಯೊಳಗೆ ಪುಕ್ಕಟೆ ಬಡಿದರೆ ತ್ಯಾಗ. ಅದೇ ಕೈ ಅದೇ ರೊಟ್ಟಿಯನ್ನು ಹೊರಗೆ ಕೂಲಿಗೆ ಬಡಿದರೆ ಮನೆತನದ ಮಾನ ಹೋಯಿತು. ಆದ್ದರಿಂದ ಬೀಗರಿಗೆ ಒಂದು ಸುಳ್ಳು ಹೇಳಲಾಗಿತ್ತು: ತಂಗಿ ಮಹಿಳಾ ಸಂಘದಲ್ಲಿ ಲೆಕ್ಕ ಬರೆಯುತ್ತಾಳೆ ಎಂದು. ಸುಳ್ಳನ್ನು ಕಟ್ಟಿದವಳು ನನ್ನ ತಾಯಿ. ಸೊಂಟ ಮುರಿದಿದ್ದರೂ ಮನೆತನದ ಬೆನ್ನೆಲುಬನ್ನು ಮಲಗಿದಲ್ಲಿಂದಲೇ ನೆಟ್ಟಗೆ ಇಡುವ ಸಾಮರ್ಥ್ಯ ಆಕೆಗಿದೆ.

ಬೀಗರೆಂದರೆ ತಂಗಿಯ ಮಗಳನ್ನು ಕೊಟ್ಟ ಮನೆ. ಸುರಪುರದಲ್ಲಿ ಗೊಬ್ಬರದ ಅಂಗಡಿ, ಎರಡಂತಸ್ತಿನ ಕಟ್ಟಡ, ಪಡಸಾಲೆಯ ನೆಲಕ್ಕೆ ಹೊಸ ಫರಸಿ ಕಲ್ಲು. ಮಗಳಿಗೆ ಆರು ತುಂಬಿ ಏಳನೆಯ ತಿಂಗಳು ನಡೆದಿತ್ತು. ಚೊಚ್ಚಲ ಹೆರಿಗೆ, ಬಾಣಂತನ ತವರಿನಲ್ಲಿ ಆಗಬೇಕು. ಅದು ತವರಿನ ಹೊರೆ ಎಂದು ಹೊರಗಿನವರಿಗೆ ಕಾಣುತ್ತದೆ, ತವರಿನವರಿಗೆ ಅದೇ ಹಕ್ಕು. ಬೀಗತಿ, ಅಂದರೆ ಹುಡುಗಿಯ ಅತ್ತೆ, ಫೋನಿನಲ್ಲಿ ಬಲು ಮೆತ್ತಗೆ ಒಂದು ಮಾತು ತೇಲಿಬಿಟ್ಟಿದ್ದಳು. ಯಾದಗಿರಿಯ ಮನೆಯಲ್ಲಿ ಆಗಲೇ ಇಬ್ಬರು ಹಾಸಿಗೆ ಹಿಡಿದಿದ್ದಾರೆ, ಮೂರನೆಯ ಹಾಸಿಗೆ ಎಲ್ಲಿ ಹಾಸುತ್ತೀರಿ, ಬಾಣಂತನ ನಾವೇ ಮಾಡಿಕೊಳ್ಳುತ್ತೇವೆ, ನಿಮಗ್ಯಾಕೆ ತ್ರಾಸು ಎಂದು. ತಂಗಿ ಫೋನಿಟ್ಟು ಒಲೆಯ ಮುಂದೆ ಕೂತಳು. ಎಷ್ಟೋ ವರ್ಷ ಗಂಡನ ಮತ್ತು ಅತ್ತೆಯ ಮೈ ತೊಳೆದವಳಿಗೆ ತನ್ನ ಮಗಳ ಮೈಗೆ ಎಣ್ಣೆ ಹಚ್ಚುವ ಯೋಗ್ಯತೆ ಇಲ್ಲವೆಂದಾಯಿತಲ್ಲ.

‘ಕುಬಸಕ್ಕ ಬುತ್ತಿ ಒಯ್ತೀನಲ್ಲ, ಆವಾಗ ಕಾಣ್ತದ’ ಎಂದು ನನಗೆ ಹೇಳಿ ಎದ್ದಳು.

ಬಸುರಿಗೆ ಹಸಿರು ಸೀರೆ, ಹಸಿರು ಬಳೆ ಇಟ್ಟು ಕುಬಸ ಮಾಡುವ ದಿನ ತವರಿನವರು ಬುಟ್ಟಿ ತುಂಬ ಬುತ್ತಿ ಒಯ್ಯಬೇಕು: ರೊಟ್ಟಿ, ಹೋಳಿಗೆ, ಶೇಂಗಾ ಹಿಂಡಿ, ಪುಂಡಿಪಲ್ಯ, ತುಂಬುಗಾಯಿ. ಓಣಿಯ ಹೆಂಗಸರು ಬುಟ್ಟಿಯ ಸುತ್ತ ಕೂತು ಅದನ್ನು ಉಣ್ಣುತ್ತಾರೆ, ಉಣ್ಣುತ್ತ ಬೀಗರ ಕೈಯನ್ನು ಹಂಗಿಸುತ್ತಾರೆ. ಹಂಗಿಸುವುದು ಸಂಪ್ರದಾಯ, ನಗಬೇಕು. ಆದರೆ ಹಂಗಿಸುವುದರಲ್ಲಿಯೂ ದರ್ಜೆಗಳಿವೆ. ಉಳ್ಳವರ ಬುಟ್ಟಿಯನ್ನು ಹಂಗಿಸಿದರೆ ಅದು ಅಲ್ಲಿಗೇ ಮುಗಿಯುತ್ತದೆ, ಇಲ್ಲದವರ ಬುಟ್ಟಿಯನ್ನು ಹಂಗಿಸಿದ್ದು ಓಣಿಯ ನೆನಪಿನಲ್ಲಿ ಉಳಿಯುತ್ತದೆ. ಬುತ್ತಿ ಸರಿಯಿದ್ದರೆ ಬಾಣಂತನದ ಮಾತೆತ್ತಬಹುದು. ಸರಿಯಿಲ್ಲದಿದ್ದರೆ ಬೀಗತಿಯ ಮೆತ್ತನೆಯ ಮಾತಿಗೆ ಇಡೀ ಓಣಿ ಹೌದು ಎನ್ನುತ್ತದೆ.

ಆ ವಾರವೇ ರೊಟ್ಟಿ ಕೇಂದ್ರಕ್ಕೊಂದು ಆರ್ಡರ್ ಬಂತು. ಕೇಂದ್ರದ ಒಡತಿ ಅದನ್ನು ತಂಗಿಗೇ ವಹಿಸಿದಳು. ದೊಡ್ಡ ಮನೆಯದು, ತೆಳ್ಳಗೆ ಬಡಿಯಬೇಕು, ಸುರಪುರದ ಗೊಬ್ಬರದ ಅಂಗಡಿ ಸಾಹುಕಾರರ ಸೊಸೆಯ ಕುಬಸವಂತೆ. ಗೊಬ್ಬರ ಒಯ್ಯುವ ಟೆಂಪೊದವನೇ ತಿರುಗಿ ಹೋಗುವಾಗ ರೊಟ್ಟಿಯನ್ನೂ ಒಯ್ಯುತ್ತಾನೆ, ಈ ಸಂಗತಿ ಸುರಪುರದಲ್ಲಿ ಯಾರಿಗೂ ತಿಳಿಯಬಾರದಂತೆ. ಬೀಗತಿ ತನ್ನ ಊರಿನ ಕೇಂದ್ರ ಬಿಟ್ಟು ಇಷ್ಟು ದೂರ ಹೇಳಿಕಳಿಸಿದ್ದು ಅದಕ್ಕಾಗಿಯೇ: ಮನೆಯ ಸೊಸೆಯಂದಿರೇ ರೊಟ್ಟಿ ಬಡಿದರೆಂದು ಓಣಿ ನಂಬಬೇಕಿತ್ತು. ಹೀಗೆ ಬಡವರ ಮನೆ ಮಾರುವುದನ್ನು ಮುಚ್ಚಿಟ್ಟಿತ್ತು, ಉಳ್ಳವರ ಮನೆ ಕೊಳ್ಳುವುದನ್ನು ಮುಚ್ಚಿಟ್ಟಿತ್ತು. ಎರಡೂ ಮನೆತನಗಳ ಮಾನ ಒಂದೇ ಹಂಚಿನ ಮೇಲೆ ಬೇಯುತ್ತಿತ್ತು.

ಕೇಂದ್ರದಲ್ಲಿ ಹಿಟ್ಟು ಹೊಸ ಮಾಲ್ದಂಡಿ ಜೋಳದ್ದು, ಕೈಗೆ ಬೆಣ್ಣೆಯಂತೆ ಬರುತ್ತಿತ್ತು. ನಮ್ಮ ಡಬ್ಬಿಯಲ್ಲಿದ್ದದ್ದು ಹಳೆಯ ಜೋಳ. ಹಿಟ್ಟಿಗೆ ಜಿಗುಟಿಲ್ಲ, ಎಷ್ಟೇ ಕುದಿವ ನೀರು ಹಾಕಿ ನಾದಿದರೂ ತೆಳ್ಳಗೆ ಬಡಿದರೆ ಅಂಚು ಸೀಳುತ್ತಿತ್ತು. ಹೀಗಾಗಿ ಒಂದೇ ಕೈ ಬೆಳಗ್ಗೆ ಬೀಗರಿಗೆ ಹಪ್ಪಳದಂಥ ರೊಟ್ಟಿ ಬಡಿಯಿತು, ಮಧ್ಯಾಹ್ನ ತನ್ನ ಮಗಳ ಬುತ್ತಿಗೆ ದಪ್ಪ ರೊಟ್ಟಿ ಬಡಿಯಿತು. ಕೇಂದ್ರದಿಂದ ಎರಡು ಸೇರು ಹಿಟ್ಟು ಕೇಳಿ ತರಬಾರದೇ ಎಂದು ನಾನು ಅಂದೆ. ಕೇಳಿದರೆ ಒಡತಿ ಕೊಡುತ್ತಾಳೆ, ಆಮೇಲೆ ಯಾಕೆ ಎಂದು ಕೇಳುತ್ತಾಳೆ ಎಂದಳು ತಂಗಿ.

ಎರಡರ ಮೇಲೂ ಒಂದು ಗುರುತು ಮಾತ್ರ ಸಮಾನವಾಗಿ ಬೀಳುತ್ತಿತ್ತು. ಕೊನೆಯ ಏಟಿಗೆ ಕಿರುಬೆರಳು ಮಡಿಚುವುದು ತಂಗಿಯ ರೂಢಿ. ರೊಟ್ಟಿಯ ಅಂಚಿನಲ್ಲಿ ಉಗುರಗಲದ ತಗ್ಗೊಂದು ಉಳಿಯುತ್ತದೆ. ಮಗಳು ಚಿಕ್ಕವಳಿದ್ದಾಗ ಆ ತಗ್ಗಿನಲ್ಲಿ ಹಿಂಡಿ ತುಂಬಿ ತಿನ್ನುತ್ತಿದ್ದಳು, ಅದಕ್ಕೆ ‘ಅವ್ವನ ಸಿಕ್ಕಾ’ ಎಂದು ಹೆಸರಿಟ್ಟಿದ್ದಳು. ಅಸಲಿಗೆ ಅದೂ ಒಂದು ರಾಜಮುದ್ರೆಯೇ. ನಾನು ಓದಿದ ಅನೇಕ ರಾಜಮುದ್ರೆಗಳಿಗಿಂತ ಅದು ಹೆಚ್ಚು ಜನರ ಹೊಟ್ಟೆ ತುಂಬಿಸಿದೆ.

ಶುಕ್ರವಾರ ಖಾಲಾಳನ್ನು ಎರಡು ಮಂಚಗಳ ನಡುವೆ ಕೂರಿಸಿ, ಅವಳಿಂದ ಬೈಸಿಕೊಂಡು ಹೊರಟೆವು. ಬಸ್ಸಿನಲ್ಲಿ ಕಂಡಕ್ಟರ್ ನಮ್ಮ ಬುಟ್ಟಿಯ ಗಾತ್ರ ನೋಡಿ, ಇದಕ್ಕೆ ಟಿಕೆಟು ತೆಗೆಸಬೇಕಾಗುತ್ತದೆ ಎಂದ.

‘ಬುಟ್ಟಿನೂ ಹೆಣ್ಣ ಅದರಿ, ಪುಕ್ಕಟೆ ಬರ್ತದ’ ಎಂದಳು ತಂಗಿ.

ಆತ ನಕ್ಕು ಮುಂದೆ ಹೋದ. ಶಹಾಪುರದಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಕಿಟಕಿಯಾಚೆ ಬುದ್ಧ ಮಲಗಿದಂತೆ ಕಾಣುವ ಗುಡ್ಡ. ನಮ್ಮ ಜಿಲ್ಲೆಯಲ್ಲಿ ಯಾವ ಹೆಂಗಸಿನ ಸೇವೆಯನ್ನೂ ಕೇಳದೆ ಮಲಗಿರುವ ಗಂಡಸು ಆತನೊಬ್ಬನೇ ಎಂದು ನಾನು ಹೇಳಿದ್ದಕ್ಕೆ ತಂಗಿ ಸೆರಗು ಬಾಯಿಗಿಟ್ಟು ನಕ್ಕಳು. ಬಸ್ಸು ಊರು ದಾಟಿದ ಮೇಲೆ ತಾನಾಗಿ ಬಾಯಿ ಬಿಟ್ಟಳು.

‘ಅಕ್ಕಾ, ಇವತ್ತ ಬೀಗರ ಮನ್ಯಾಗ ರೊಟ್ಟಿ ಭಾಳ ಛಲೋ ಇರ್ತಾವ ನೋಡ್ರಿ.’

‘ನಿನಗ ಹ್ಯಾಂಗ ಗೊತ್ತು?’

‘ನಾನೇ ಬಡದೇನಿ.’

ಆರ್ಡರಿನ ಕಥೆ ನನಗೆ ತಿಳಿದದ್ದು ಅಲ್ಲಿ. ನಾನು ನಗತೊಡಗಿದೆ, ಆಕೆ ನಗಲಿಲ್ಲ. ಓಣಿಯವರಿಗೆ ಇದು ಗೊತ್ತಾದರೆ, ದಿನಾ ಕೂಲಿಗೆ ಹೋಗುವವಳು ಬಾಣಂತಿಯನ್ನು ಯಾವಾಗ ನೋಡುತ್ತಾಳೆ ಎಂದು ಬೀಗತಿ ಕೇಳುತ್ತಾಳೆ ಎಂದಳು. ಆದ್ದರಿಂದ ಅಲ್ಲಿ ಯಾರು ಏನೇ ಅಂದರೂ ನಾನು ಬಾಯಿ ತೆರೆಯಬಾರದು ಎಂದು ಕರಾರು ಹಾಕಿದಳು. ಕಲ್ಲುಗಳೊಡನೆ ಕಾಲ ಕಳೆದವಳಿಗೆ ಇದು ಕಷ್ಟದ ಕರಾರಲ್ಲ.

ಪಡಸಾಲೆ ತುಂಬಿತ್ತು. ಹಸಿರು ಸೀರೆಯಲ್ಲಿ ಹುಡುಗಿ ಮಣೆಯ ಮೇಲೆ ಕೂತಿದ್ದಳು. ಆರತಿಯಾಗಿ, ಉಡಿ ತುಂಬಿ, ಊಟಕ್ಕೆ ಕೂತಾಗ ನಮ್ಮ ಬುಟ್ಟಿಯನ್ನೂ ಬೀಗತಿಯ ಬುಟ್ಟಿಯನ್ನೂ ಅಕ್ಕಪಕ್ಕ ಇಟ್ಟರು. ಓಣಿಯ ಹಿರಿಯ ಅಜ್ಜಿಯೊಬ್ಬಳು ನಮ್ಮ ಬುಟ್ಟಿಯ ರೊಟ್ಟಿಯೊಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಅವಳಿಗೆ ಹಲ್ಲು ಕಡಿಮೆ, ಅಭಿಪ್ರಾಯ ಹೆಚ್ಚು.

‘ಯಾದಗಿರ್ಯಾಗ ರೊಟ್ಟಿ ಹಂಚಿನ ಮ್ಯಾಲ ಬೇಯಸ್ತಾರೋ, ಹಂಚನ್ನೇ ಬೇಯಸ್ತಾರೋ ಯವ್ವಾ?’

ಎಲ್ಲರೂ ನಕ್ಕರು. ನಗಬೇಕು, ಸಂಪ್ರದಾಯ, ನಾನೂ ನಕ್ಕೆ. ಬೀಗತಿ ತನ್ನ ಬುಟ್ಟಿಯಿಂದ ಒಂದನ್ನು ತೆಗೆದು ಅಜ್ಜಿಯ ಕೈಗಿಟ್ಟಳು. ತನ್ನ ಸೊಸೆಯಂದಿರು ನಸುಕಿನಲ್ಲೆದ್ದು ಬಡಿದದ್ದು, ಪಾಪ, ಬೀಗರನ್ನೇನೂ ಅನ್ನಬಾರದು, ಅವರ ಮನೆಯ ಪರಿಸ್ಥಿತಿಯೇ ಹಾಗಿದೆ, ಎರಡು ಹಾಸಿಗೆ ನೋಡುತ್ತ ಎಷ್ಟಂತ ಮಾಡುತ್ತಾರೆ, ಅದಕ್ಕೇ ಬಾಣಂತನವನ್ನು ನಾವೇ ಮಾಡುವುದೆಂದು ಗೊತ್ತು ಮಾಡಿದ್ದೇವೆ ಎಂದಳು. ಅದನ್ನು ಎಷ್ಟು ಕರುಣೆಯಿಂದ ಹೇಳಿದಳೆಂದರೆ, ಒಂದು ದಾನಶಾಸನಕ್ಕೆ ಸಾಕಾಗುವಷ್ಟಿತ್ತು. ಹೆಂಗಸರು ಹೌದು ಹೌದೆಂದು ತಲೆಯಾಡಿಸಿದರು. ವಿಷಯ ಇತ್ಯರ್ಥವಾದಂತೆಯೇ ಇತ್ತು.

ಅಷ್ಟರಲ್ಲಿ ಹುಡುಗಿ ಬೀಗತಿಯ ಬುಟ್ಟಿಗೆ ಕೈ ಹಾಕಿ, ತೆಳ್ಳನೆಯ ರೊಟ್ಟಿ ತೆಗೆದು, ಅಂಚಿನ ತಗ್ಗಿನಲ್ಲಿ ಹಿಂಡಿ ತುಂಬಿದಳು. ಅವಳಿಗೆ ಯಾವ ಗುಟ್ಟೂ ಗೊತ್ತಿರಲಿಲ್ಲ, ಹಸಿದಿದ್ದಳು, ಅಷ್ಟೆ.

‘ಇದು ನಮ್ಮವ್ವನ ರೊಟ್ಟಿ’ ಎಂದಳು.

ಅತ್ತೆ ತಿದ್ದಿದಳು. ‘ಅದು ನಮ್ಮ ಮನೀದವಾ. ನಿಮ್ಮವ್ವಂದು ಆ ಬುಟ್ಟ್ಯಾಗಿಂದು.’

‘ಎರಡೂ ನಮ್ಮವ್ವನ ಕೈದೇ ಅತ್ತಿ, ಸಿಕ್ಕಾ ನೋಡ್ರಿ’ ಎಂದು ಹುಡುಗಿ ಎರಡು ರೊಟ್ಟಿಗಳನ್ನೂ ಜೋಡಿಸಿ ಹಿಡಿದಳು. ಒಂದು ದಪ್ಪ, ಒಂದು ತೆಳು. ಎರಡರ ಅಂಚಿನಲ್ಲಿಯೂ ಅದೇ ಉಗುರಗಲದ ತಗ್ಗು.

ಪಡಸಾಲೆಯಲ್ಲಿ ಅಗಿಯುವುದು ನಿಂತಿತು. ಬೀಗತಿಯ ಹಿರಿಯ ಸೊಸೆ ತನ್ನ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡಳು. ಆ ಕೈಗಳ ಮೇಲೆ ಹಿಟ್ಟು ಹತ್ತದೆ ಎಷ್ಟೋ ದಿನವಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ತಂಗಿ ನಿಂತಿದ್ದಳು. ಅಲ್ಲಿಂದಲೇ, ದನಿಯೇರಿಸದೆ ಹೇಳಿದಳು:

‘ಎರಡೂ ನನ್ನವರಿ. ಅದಕ್ಕ ನೀವು ರೊಕ್ಕ ಕೊಟ್ಟೀರಿ, ತೆಳ್ಳಗದ. ಇದನ್ನ ನಾ ಪುಕ್ಕಟೆ ತಂದೇನಿ. ಪುಕ್ಕಟೆ ಬಂದಿದ್ದಕ್ಕ ಹೆಸರಿಡಬ್ಯಾಡ್ರಿ.’

ಮೊದಲು ನಕ್ಕವಳು ಅಜ್ಜಿ. ನಕ್ಕು ನಕ್ಕು ಕೆಮ್ಮು ಬಂದು, ಯಾರೋ ಬೆನ್ನು ಸವರಿದ ಮೇಲೆ ಬೀಗತಿಯ ಕಡೆ ತಿರುಗಿದಳು.

‘ಎರಡು ಮನಿ ಮಾನ ಅಬ್ರು ಒಂದ ಕೈ ಬಡದದ. ಆ ಕೈ ಒಂದು ಬಾಣಂತಿಗೆ ಉಣಸಂಗಿಲ್ಲೇನವಾ? ಕಳಸು ಸುಮ್ಮ.’

ಬೀಗತಿ ಬುದ್ಧಿವಂತೆ. ಕೂಲಿಗೆ ಹೋಗುವವಳು ಬಾಣಂತಿಯನ್ನು ಯಾವಾಗ ನೋಡುತ್ತಾಳೆ ಎಂಬ ಪ್ರಶ್ನೆ ಅವಳ ತುದಿನಾಲಿಗೆಗೆ ಬಂದಿರಬೇಕು. ಆದರೆ ಆ ಕೂಲಿ ಕೊಟ್ಟವರು ಯಾರೆಂಬ ಪ್ರಶ್ನೆ ಅದರ ಬೆನ್ನಿಗೇ ಹುಟ್ಟುತ್ತಿತ್ತು. ಆದ್ದರಿಂದ, ಕಳಿಸುವುದಿಲ್ಲ ಎಂದು ಯಾರು ಅಂದರು, ತ್ರಾಸಾಗುತ್ತದಲ್ಲ ಎಂದು ಅಂದೆನಷ್ಟೆ ಎಂದಳು. ಓಣಿಯ ಸಾಕ್ಷಿಗಳ ಎದುರಿನಲ್ಲಿ ಕಳಿಸುವ ದಿನವೂ ನಿಶ್ಚಯವಾಯಿತು. ಊಟ ಮುಂದುವರಿಯಿತು, ದಪ್ಪ ರೊಟ್ಟಿಗಳೂ ಖರ್ಚಾದವು, ಪುಂಡಿಪಲ್ಯದೊಡನೆ ಅವು ಅಷ್ಟೇನೂ ಕೆಟ್ಟದಾಗಿರಲಿಲ್ಲ. ನಾವು ಹೊರಡುವಾಗ ಬೀಗತಿ ತಂಗಿಯನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು. ಕ್ಷಮೆ ಕೇಳಿದಳೇನೋ ಎಂದುಕೊಂಡೆ. ಬೀಗರೆಂದ ಮೇಲೆ ಮುಂದಿನ ಸಲ ಕೇಂದ್ರದ ದರದಲ್ಲಿ ಏನಾದರೂ ಕಡಿಮೆ ಮಾಡಿಸಬಹುದೇ ಎಂದು ವಿಚಾರಿಸಿದ್ದಳಂತೆ.

ಮಗಳು ಬಂದಳು. ಮೇ ತಿಂಗಳಲ್ಲಿ ಹೆರಿಗೆಯಾಯಿತು, ಹೆಣ್ಣು ಮಗು. ಮೂರನೆಯ ಹಾಸಿಗೆಗೆ ಜಾಗ ಮಾಡಲು ನನ್ನ ಪುಸ್ತಕದ ಟ್ರಂಕುಗಳು ಹಿತ್ತಲಿನ ಶೆಡ್ಡಿಗೆ ಹೋದವು. ಇತಿಹಾಸಕ್ಕೆ ಇದರಿಂದ ಹಾನಿಯೇನೂ ಆದಂತಿಲ್ಲ. ತಂಗಿ ಕೇಂದ್ರದ ಕೆಲಸವನ್ನು ಬಿಡಲಿಲ್ಲ. ಖಾಲಾ ಬೈಯುತ್ತ ಮಗುವಿಗೆ ನೀರೆರೆದಳು, ನಾನು ಎರಡು ಮಂಚಗಳ ಪಾಳಿ ಹಿಡಿದೆ, ತಂಗಿ ಬಂದ ಮೇಲೆ ಮಗಳ ಮೈಗೆ ಎಣ್ಣೆ ಹಚ್ಚುವುದನ್ನು ಮಾತ್ರ ಇನ್ನೊಬ್ಬರಿಗೆ ಬಿಟ್ಟುಕೊಡಲಿಲ್ಲ. ಯಾರಾದರೂ ಕೇಳಿದರೆ ರೊಟ್ಟಿ ಕೇಂದ್ರಕ್ಕೆ ಹೋಗುತ್ತೇನೆ ಎಂದೇ ಹೇಳುತ್ತಿದ್ದಳು. ಸಂಘದ ಲೆಕ್ಕದ ಕಥೆ ನನ್ನ ತಾಯಿಯೊಬ್ಬಳ ಬಾಯಲ್ಲಿ ಉಳಿಯಿತು. ಅದನ್ನು ತಿದ್ದುವ ಧೈರ್ಯ ಯಾರಿಗೂ ಇರಲಿಲ್ಲ.

ಪಡಸಾಲೆಯಲ್ಲಿ ತಂಗಿ ಆಡಿದ ಮಾತು ಅಷ್ಟರಲ್ಲಿ ಸುರಪುರದಾದ್ಯಂತ ಹಬ್ಬಿತ್ತು. ಅಜ್ಜಿ ಅದನ್ನು ಬಂದವರಿಗೆಲ್ಲ ಹೇಳುತ್ತಿದ್ದಳಂತೆ. ಮೊಮ್ಮಗಳನ್ನು ನೋಡಲು ಬಂದ ಬೀಗತಿಯೂ ತನ್ನನ್ನೇ ಹಾಸ್ಯ ಮಾಡಿಕೊಂಡು ನಮ್ಮ ಮುಂದೆ ಅದನ್ನು ಆಡಿ ತೋರಿಸಿದಳು, ಅಕ್ಷರವೂ ತಪ್ಪಲಿಲ್ಲ. ಆ ದಿನ ನಾನೂ ಸ್ವತಃ ಕೇಳಿದ್ದೆ. ಪರಸ್ಪರ ಸಂಬಂಧವಿಲ್ಲದ ಮೂರು ಸಾಕ್ಷಿಗಳು ಒಂದೇ ಪಾಠ ಹೇಳುತ್ತಿರುವಾಗ ಸಂಶಯಪಡುವುದು ನಮ್ಮ ಶಾಸ್ತ್ರದಲ್ಲಿ ಅಧಿಕಪ್ರಸಂಗ ಎನಿಸಿಕೊಳ್ಳುತ್ತದೆ. ಇದಕ್ಕಿಂತ ತೆಳುವಾದ ಆಧಾರದ ಮೇಲೆ ರಾಜವಂಶಗಳನ್ನೇ ಕಟ್ಟಿದ ವಿದ್ವಾಂಸರನ್ನು ನಾನು ಬಲ್ಲೆ.

ಈ ಬರಹದ ಕರಡು ಮುಗಿದ ಮೇಲೆ ಮಗಳು ತನ್ನ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದಳು. ಬೀಗರ ಇನ್ನೊಬ್ಬ ಸೊಸೆ ಆ ದಿನ ಪಡಸಾಲೆಯ ಕಿಟಕಿಯಲ್ಲಿ ಫೋನು ಒರಗಿಸಿಟ್ಟು ತೆಗೆದದ್ದು; ಅಜ್ಜಿ ರೊಟ್ಟಿ ಎತ್ತಿ ಹಿಡಿಯುವುದರಿಂದ ಕೈತೊಳೆಯುವವರೆಗೆ ಎಲ್ಲಿಯೂ ತುಂಡಾಗಿಲ್ಲ. ಹುಡುಗಿ ಎರಡು ರೊಟ್ಟಿ ಜೋಡಿಸಿ ಹಿಡಿಯುತ್ತಾಳೆ. ಎಲ್ಲರೂ ಸುಮ್ಮನಾಗುತ್ತಾರೆ. ಬಾಗಿಲಲ್ಲಿ ತಂಗಿ ಕಾಣುತ್ತಾಳೆ, ತಲೆಯ ಮೇಲೆ ಸೆರಗಿದೆ, ಕಣ್ಣು ನೆಲದ ಮೇಲಿದೆ. ಆಮೇಲೆ ಅಜ್ಜಿ ನಗುತ್ತಾಳೆ, ಕೆಮ್ಮುತ್ತಾಳೆ, ತೀರ್ಪು ಹೇಳುತ್ತಾಳೆ. ನಾನು ಮತ್ತೆ ಮತ್ತೆ ಹಿಂದಕ್ಕೆ ಸರಿಸಿ ನೋಡಿದೆ, ಕೊನೆಗೆ ತಂಗಿಯನ್ನೇ ಕರೆದು ತೋರಿಸಿದೆ. ಪೂರ್ತಿ ನೋಡಿದ ಆಕೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

‘ನಾ ಅಂದೇನಿ. ನಿಮ್ಮ ಫೋನಿಗೆ ಕೇಳಿಸಿಲ್ಲ’ ಎಂದು ಒಳಗೆ ಹೋದಳು.

ದಾಖಲೆಯ ಧ್ವನಿ ಸ್ಪಷ್ಟವಾಗಿದೆ. ಬಳೆಗಳ ಸದ್ದು, ಓಣಿಯಲ್ಲಿ ಹಾದುಹೋದ ಮೋಟಾರು ಸೈಕಲ್ಲಿನ ಸದ್ದು ಕೂಡ ಕೇಳುತ್ತವೆ. ಅದರ ಪ್ರಕಾರ ಹುಡುಗಿಯ ಮಾತಿಗೂ ಅಜ್ಜಿಯ ನಗುವಿಗೂ ನಡುವೆ ತಂಗಿ ಬಾಯಿ ತೆರೆದದ್ದು ಒಂದೇ ಸಲ, ಆಡಿದ್ದು ಇಷ್ಟೇ: ‘ಎಲ್ಲಾರಿಗೂ ಚಾ ಇಡ್ಲೇನ್ರಿ?’